ಮಾತು ನಿಲ್ಲದಷ್ಟು ವೇಗ

ದಾವಣಗೆರೆಯಿಂದ ಒಬ್ಬ ತಾಯಿ ಬರೆದ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೆ ಕೂತಿದೆ. ಒಂಬತ್ತನೇ ತರಗತಿಯಲ್ಲಿರುವ ಮಗನಿಗೆ ಇದ್ದಕ್ಕಿದ್ದಂತೆ ಓಟದ ಹುಚ್ಚು ಹಿಡಿದಿದೆಯಂತೆ. ಬೆಳಗಿನ ಐದಕ್ಕೆ ಎಬ್ಬಿಸು ಅನ್ನುತ್ತಾನೆ, ಎಬ್ಬಿಸಿದರೆ ನಿಜಕ್ಕೂ ಏಳುತ್ತಾನೆ (ಓದಲು ಎಬ್ಬಿಸಿದರೆ ಏಳುವುದಿಲ್ಲ ಎಂಬುದು ಆ ತಾಯಿಯೇ ಸೇರಿಸಿದ ಒಗ್ಗರಣೆ). ಹತ್ತಿರದ ಮೈದಾನಕ್ಕೆ ಹೋಗಿ ಉಸಿರುಗಟ್ಟುವಂತೆ ಓಡಿ, ಮುಖ ಕೆಂಪಗೆ ಮಾಡಿಕೊಂಡು ಬಂದು ಸೋಫಾದ ಮೇಲೆ ಬೀಳುತ್ತಾನೆ. "ಮಂಡಿ ಸವೆದುಹೋಗುತ್ತದೆ ಎಂದು ಅವನ ತಾತ ಅನ್ನುತ್ತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇದೆಲ್ಲ ಬೇಡ ಎಂದು ಅವನ ಅಪ್ಪ ಅನ್ನುತ್ತಾರೆ. ಹನ್ನೆರಡು ಸಾವಿರ ರೂಪಾಯಿಯ ಶೂ ಬೇಕು ಎಂದು ಅವನು ಅನ್ನುತ್ತಾನೆ. ನಾನು ಯಾರ ಮಾತು ಕೇಳಲಿ?" ಇದು ಅವರ ಪ್ರಶ್ನೆ.

ಉತ್ತರ ತಡವಾದದ್ದಕ್ಕೆ ಕೆಲಸದ ಒತ್ತಡ ಕಾರಣವಲ್ಲ. ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ನಮ್ಮ ಮನೆಯಲ್ಲಿ ನಡೆದ, ನನ್ನದೇ ತಪ್ಪಿನ ಒಂದು ಸಂಗತಿಯನ್ನು ಹೇಳಬೇಕು. ಅದನ್ನು ಬರೆಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಾತನವರ ಮಂಡಿಯ ವಿಚಾರ ಮುಗಿಸೋಣ. ಓಡಿದರೆ ಮಂಡಿ ಸವೆಯುತ್ತದೆ ಎಂಬುದು ಎತ್ತಿನ ಗಾಡಿಯ ಗಾಲಿಗೆ ಸರಿಹೋಗುವ ತರ್ಕ. ಗಾಲಿಗೆ ಜೀವವಿಲ್ಲ, ಮಂಡಿಗೆ ಇದೆ. ಕೀಲಿನೊಳಗಿನ ಮೃದ್ವಸ್ಥಿಗೆ ನೇರ ರಕ್ತ ಸಂಚಾರವಿಲ್ಲ. ಹೊರೆ ಬಿದ್ದಾಗ ಸ್ಪಂಜಿನಂತೆ ದ್ರವವನ್ನು ಬಿಟ್ಟು, ಹೊರೆ ಇಳಿದಾಗ ಹೀರಿಕೊಂಡು ಅದು ಪೋಷಣೆ ಪಡೆಯುತ್ತದೆ. ಕೂತವರ ಮಂಡಿಗೆ ಆ ಭಾಗ್ಯ ಕಡಿಮೆ. ಹಲವು ಅಧ್ಯಯನಗಳ ಅಂಕಿ ಅಂಶಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸೊಂಟ ಅಥವಾ ಮಂಡಿಯ ಕೀಲು ಸವೆತ ಕಂಡುಬಂದದ್ದು ಖುಷಿಗಾಗಿ ಓಡುವವರಲ್ಲಿ ನೂರಕ್ಕೆ 3.5 ಮಂದಿಗೆ, ಓಡದೆ ಕೂತವರಲ್ಲಿ 10.2 ಮಂದಿಗೆ, ಸ್ಪರ್ಧೆಯನ್ನೇ ಬದುಕು ಮಾಡಿಕೊಂಡವರಲ್ಲಿ 13.3 ಮಂದಿಗೆ. ಮಂಡಿ ಗಟ್ಟಿಯಿದ್ದವರೇ ಓಟ ಮುಂದುವರಿಸುತ್ತಾರಾದ್ದರಿಂದ ಇದೆಲ್ಲವೂ ಓಟದ ಪುಣ್ಯ ಎನ್ನುವಂತಿಲ್ಲ. ಆದರೆ ಮಿತವಾಗಿ ಓಡುವ ಹುಡುಗನ ಮಂಡಿಯ ಬಗ್ಗೆ ತಾತನವರು ನಿಶ್ಚಿಂತೆಯಿಂದ ಇರಬಹುದು. ಅವರ ಸ್ವಂತ ಮಂಡಿಗೂ ದಿನಕ್ಕೆ ಅರ್ಧ ಗಂಟೆ ನಡಿಗೆ ಒಳ್ಳೆಯದು.

ಆ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಮಂಡಿಯಲ್ಲ, ಕೆಂಪು ಮುಖ. ನಮ್ಮಲ್ಲಿ ಓಟವೆಂದರೆ ಶಾಲೆಯ ಕ್ರೀಡಾಕೂಟದ ನೂರು ಮೀಟರು. ಪೀಪಿ ಊದಿದರೆ ಜೀವ ಬಿಟ್ಟು ಓಡುವುದು, ಗೆದ್ದರೆ ಒಂದು ಸ್ಟೀಲ್ ಲೋಟ. ಓಡುವುದನ್ನು ಇನ್ನು ಯಾರು, ಎಲ್ಲಿ ಕಲಿಸಿದ್ದಾರೆ? ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಡ ತೆಗೆದುಕೊಂಡು ಎಷ್ಟೋ ವರ್ಷಗಳಾದವು, ಇನ್ನೂ ತೀರಿಸಿಲ್ಲ. ಹೀಗಾಗಿ ಹುಡುಗನೊಬ್ಬ ತಾನಾಗಿ ನಾಲ್ಕು ಕಿಲೋಮೀಟರು ಓಡಬೇಕೆಂದು ಹೊರಟರೂ ನೂರು ಮೀಟರನ್ನೇ ನಲವತ್ತು ಸಲ ಓಡಲು ನೋಡುತ್ತಾನೆ. ಮೂರನೆಯ ವಾರ ಕಾಲು ನೋವು, ನಾಲ್ಕನೆಯ ವಾರ ಬೇಸರ, ಐದನೆಯ ವಾರ ಶೂ ಅಟ್ಟಕ್ಕೆ.

ದೂರದ ಓಟವನ್ನು ನಿಧಾನವಾಗಿ ಓಡಿಯೇ ಕಲಿಯಬೇಕು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯನಾದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ದೊಡ್ಡ ಕ್ರೀಡಾ ವಿಜ್ಞಾನಿಯೇನಲ್ಲ, ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ತನ್ನ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿಕೊಂಡು, ಆಕ್ಲೆಂಡಿನಲ್ಲಿ ತನ್ನ ಸುತ್ತಮುತ್ತ ಇದ್ದ ಹುಡುಗರನ್ನೇ ಕಟ್ಟಿಕೊಂಡು ತರಬೇತಿ ಆರಂಭಿಸಿದ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಆ ಹುಡುಗರ ಪೈಕಿ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲೂ ಚಿನ್ನ ಗೆದ್ದರು, ಬ್ಯಾರಿ ಮೆಗೀ ಮ್ಯಾರಥಾನಿನಲ್ಲಿ ಕಂಚು ತಂದ. ಎರಡು ನಿಮಿಷದೊಳಗೆ ಮುಗಿದುಹೋಗುವ 800 ಮೀಟರಿನ ಸ್ನೆಲ್‌ನನ್ನೂ ಲಿಡಿಯಾರ್ಡ್ ಭಾನುವಾರಗಳಂದು ಬೆಟ್ಟದ ದಾರಿಯಲ್ಲಿ 35 ಕಿ.ಮೀ. ಓಡಿಸುತ್ತಿದ್ದ. ವಾರಕ್ಕೆ ನೂರು ಮೈಲಿ. ಅದರ ಬಹುಪಾಲು ಏದುಸಿರು ಬಿಡದೆ ಓಡುವ ಓಟ. ವೇಗವನ್ನು ಕಟ್ಟುವುದು ಆಮೇಲೆ, ಅಡಿಪಾಯ ಒಣಗಿದ ಮೇಲೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಅವನ ಇನ್ನೊಂದು ಕೆಲಸ. ಒಲಿಂಪಿಕ್ಸ್ ಮುಗಿದ ಮೇಲೆ ಹೃದಯಾಘಾತವಾಗಿ ಚೇತರಿಸಿಕೊಂಡ ನಡುವಯಸ್ಸಿನವರನ್ನು, ಹೊಟ್ಟೆ ಬಂದ ವ್ಯಾಪಾರಿಗಳನ್ನು ಕೂಡಿಸಿಕೊಂಡು ನಿಧಾನ ಓಟದ ಒಂದು ಕೂಟ ಆರಂಭಿಸಿದ. 1962ರ ಕೊನೆಯಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿದ್ದ. ವಯಸ್ಸು 51. ದೊಡ್ಡ ದೊಡ್ಡ ಓಟಗಾರರನ್ನು ತಯಾರು ಮಾಡಿದವನು, ತಾನೂ ಗಟ್ಟಿಮುಟ್ಟಾಗಿಯೇ ಇದ್ದೇನೆಂದು ನಂಬಿದ್ದವನು. ಲಿಡಿಯಾರ್ಡ್‌ನ ಗುಂಪಿನ ಜೊತೆ ಓಡಲು ಹೊರಟವನು ಮೊದಲ ಏರಿನಲ್ಲೇ ಹಿಂದೆ ಬಿದ್ದ. ಗುಂಪು ಮರೆಯಾಯಿತು. ಎಪ್ಪತ್ತು ದಾಟಿದ, ಹೃದಯಾಘಾತವನ್ನೂ ಕಂಡಿದ್ದ ಒಬ್ಬ ಹಿರಿಯ ಮಾತ್ರ ಹಿಂದಕ್ಕೆ ಬಂದು, ಇವನಿಗೆ ಹೊಂದುವ ಹೆಜ್ಜೆಯಲ್ಲಿ, ಲೋಕಾಭಿರಾಮ ಮಾತಾಡುತ್ತಾ ಜೊತೆಗೆ ಓಡಿ ದಾರಿ ಮುಟ್ಟಿಸಿದ. ಬೋವರ್‌ಮನ್‌ಗೆ ಉತ್ತರಿಸಲೂ ಉಸಿರಿರಲಿಲ್ಲ. ಊರಿಗೆ ಮರಳಿದವನೇ ಅವನು ಜನಸಾಮಾನ್ಯರಿಗೆ ಜಾಗಿಂಗ್ ತರಗತಿ ಆರಂಭಿಸಿದ. ಒಬ್ಬ ಹೃದ್ರೋಗ ತಜ್ಞರ ಜೊತೆ ಸೇರಿ ಅವನು ಬರೆದ ಪುಸ್ತಕ 1967ರಲ್ಲಿ ಬಂತು. ಅಮೆರಿಕದಲ್ಲಿ ಬೆಳಗಿನ ಜಾಗಿಂಗ್ ಎಂಬುದು ಮನೆಮಾತಾದದ್ದರ ಹಿಂದೆ ಆ ಏರಿನ ಅವಮಾನಕ್ಕೆ ದೊಡ್ಡ ಪಾಲಿದೆ.

ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಬರದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಗಡಿಯಾರ ಬೇಡ, ನಾಡಿ ಎಣಿಸುವ ಯಂತ್ರ ಬೇಡ. ಒಬ್ಬನೇ ಓಡುವವನಾದರೆ ಹದಿನೇಳರ ಮಗ್ಗಿ ಹೇಳಿಕೊಳ್ಳಲಿ. ಹದಿನೇಳೇಳ್ಲಿ ಎಷ್ಟು ಎಂದು ತಡವರಿಸಿದರೆ ಅದು ಗಣಿತದ ತೊಂದರೆ, ಉಸಿರಿಗೆ ತಡವರಿಸಿದರೆ ಓಟದ ತೊಂದರೆ. ಆರಂಭಕ್ಕೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಹದಿನೈದು ದಿನಕ್ಕೊಮ್ಮೆ ನಡಿಗೆಯನ್ನು ಸ್ವಲ್ಪ ಕಡಿಮೆ ಮಾಡಿ ಓಟವನ್ನು ಸ್ವಲ್ಪ ಹೆಚ್ಚಿಸಿದರೆ ಮೂರು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡಬಹುದು. ನಡೆದರೆ ನಾಚಿಕೆ ಎಂದು ಹುಡುಗರು ಭಾವಿಸುತ್ತಾರೆ. ಫೋನಿನಲ್ಲಿ ಸ್ಟ್ರಾವಾ ಹಾಕಿಕೊಂಡು ಗೆಳೆಯರಿಗೆ ವೇಗ ತೋರಿಸುವ ಚಟ ಬಂದ ಮೇಲಂತೂ ನಾಚಿಕೆ ಇನ್ನೂ ಹೆಚ್ಚಾಗಿದೆ. ಆರು ತಿಂಗಳ ಮಟ್ಟಿಗೆ ಫೋನು ಮನೆಯಲ್ಲೇ ಇರಲಿ.

ಈಗ ನನ್ನ ಮಗಳ ವಿಷಯ.

2014ರ ಮಾತು. ಅವಳು ಆಗ ಮೊದಲ ಪಿಯುಸಿ. ನಾವು ಮೈಸೂರಿನವರು, ಕುಕ್ಕರಹಳ್ಳಿ ಕೆರೆ ಮನೆಗೆ ಹತ್ತಿರ. ಕುವೆಂಪು ಅವರು ದಿನವೂ ನಡೆದಾಡಿದ ಆ ಏರಿಯ ಮೇಲೆ ಈಗ ಬೆಳಗ್ಗೆ ಅರ್ಧ ಊರು ನಡೆಯುತ್ತದೆ. ಅವಳು ವಾರಕ್ಕೆ ಮೂರು ದಿನ ಅಲ್ಲಿ ನಾಲ್ಕು, ಐದು ಕಿ.ಮೀ. ಓಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳಷ್ಟಕ್ಕೆ ಅವಳೇ, ಕೊಕ್ಕರೆ ನೋಡಲು ನಿಂತು, ಮತ್ತೆ ಓಡಿ. ನಾನು ಹಿಂದೆ ನಡೆದು ಬರುತ್ತಿದ್ದೆ. ಅಷ್ಟಕ್ಕೆ ಬಿಟ್ಟಿದ್ದರೆ ಈ ಅಂಕಣಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಬೆಂಗಳೂರಿನಲ್ಲಿ 2008ರಿಂದ ದೊಡ್ಡದಾಗಿ ಹತ್ತು ಕಿಲೋಮೀಟರಿನ ಓಟ ನಡೆಯತೊಡಗಿದ ಮೇಲೆ ಉಳಿದ ಊರುಗಳಿಗೂ ಆ ಗಾಳಿ ಬೀಸಿತಲ್ಲ, ಹಾಗೆ ನಮ್ಮೂರಿನಲ್ಲೂ ಒಂದು ಹತ್ತು ಕಿ.ಮೀ. ಓಟದ ಜಾಹೀರಾತು ಬಂತು. ನಾಲ್ಕು ವಾರವಿತ್ತು. ಹೆಸರು ಕೊಟ್ಟದ್ದು ನಾನು, ಅವಳಲ್ಲ. ಕೊಟ್ಟ ಮೇಲೆ ನನ್ನೊಳಗಿನ ತರಬೇತುದಾರ ಎದ್ದು ಕೂತ. ಹತ್ತು ಕಿ.ಮೀ. ಆಗುತ್ತದೋ ಇಲ್ಲವೋ ಒಮ್ಮೆ ನೋಡಿಯೇ ಬಿಡೋಣ ಎಂದು ಮುಂದಿನ ಭಾನುವಾರವೇ ಓಡಿಸಿದೆ. ಅವಳು ಓಟದಲ್ಲಿ, ನಾನು ಸ್ಕೂಟರಿನಲ್ಲಿ, ಕೈಯಲ್ಲಿ ಗಡಿಯಾರ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಾ ಹಿಂದೆ ಬಂದೆ. ಅಲ್ಲಿಯವರೆಗೆ ಅವಳು ಒಮ್ಮೆಗೆ ಓಡಿದ್ದ ಅತಿ ಹೆಚ್ಚು ದೂರ ಐದು ಕಿ.ಮೀ.

ಮುಗಿಸಿದಳು. ನಾನು ಬೀಗಿದೆ. ಮೂರು ದಿನದ ಮೇಲೆ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಮುಂದುಗಡೆಯ ಉದ್ದ ಎಲುಬಿನಲ್ಲಿ ನೋವು ಎಂದಳು. ಅಮೃತಾಂಜನ ತಿಕ್ಕಿದೆ. ಓಡುತ್ತಾ ಓಡುತ್ತಾ ಸರಿಹೋಗುತ್ತದೆ ಎಂದೆ. "ಅಪ್ಪಾ, ಎಲ್ಲಾ ಕಡೆ ಅಲ್ಲ, ಇಲ್ಲೇ, ಈ ಒಂದೇ ಜಾಗ" ಎಂದು ಬೆರಳಿಟ್ಟು ತೋರಿಸಿದಳು. ಆ ಬೆರಳು ನನಗೆ ಇಂದಿಗೂ ಕಾಣುತ್ತದೆ. ಹಟ ಮಾಡಬೇಡ ಎಂದೆ. ಅವಳ ಅಮ್ಮನ ಒತ್ತಾಯಕ್ಕೆ ಒಂದು ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ ಎಂದರು. ಆ 'ಏನೂ ಇಲ್ಲ' ಎಂಬುದನ್ನು ನಾನು ಅರ್ಹತಾಪತ್ರದಂತೆ ಹಿಡಿದುಕೊಂಡೆ. ಇನ್ನೆರಡು ವಾರ ಓಡಿದಳು, ಓಟದ ದಿನವೂ ಓಡಿದಳು. ಏಳನೆಯ ಕಿ.ಮೀ. ಕಲ್ಲಿನ ಹತ್ತಿರ ನಿಂತಿದ್ದ ನಾನು ಅವಳು ಕುಂಟುತ್ತಾ ಬರುವುದನ್ನು ಕಂಡೆ. ಮುಖ ಬಿಳುಚಿತ್ತು.

ಬೇರೊಬ್ಬ ವೈದ್ಯರು ಎಂ.ಆರ್.ಐ. ಮಾಡಿಸಿ ಹೇಳಿದರು: ಎಲುಬಿನಲ್ಲಿ ಸಣ್ಣ ಬಿರುಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು. ಎಂಟು ವಾರ ಓಟ ಬಂದ್. "ನೋವಿಟ್ಟುಕೊಂಡು ಓಡು ಅಂತ ಹೇಳಿದ್ದು ಯಾರಮ್ಮ ನಿನಗೆ?" ಎಂದು ಅವರು ಕೇಳಿದಾಗ ಅವಳು ನನ್ನ ಕಡೆ ನೋಡಿದಳು. ಆಮೇಲೆ, "ನಾನೇ ಓಡಿದೆ ಡಾಕ್ಟ್ರೇ" ಎಂದಳು.

ವೈದ್ಯರು ಅಲ್ಲಿಗೇ ಬಿಡಲಿಲ್ಲ. ಬೆಳಗ್ಗೆ ಏನು ತಿನ್ನುತ್ತೀ ಎಂದು ಕೇಳಿದರು. ಆರಕ್ಕೆ ಓಟ ಮುಗಿಸಿ ಆರೂವರೆಗೆ ಟ್ಯೂಷನ್ನು, ಅಲ್ಲಿಂದ ನೇರ ಕಾಲೇಜು. ತಿಂಡಿಯ ಡಬ್ಬಿ ತೆರೆಯುವುದು ಹನ್ನೊಂದಕ್ಕೆ. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದೂ ಕೇಳಿದರು. ಎರಡು ತಿಂಗಳಿಂದ ಆಗಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ, ಪರೀಕ್ಷೆಯ ಟೆನ್ಷನ್ನು ಅಂದುಕೊಂಡಿದ್ದಳಂತೆ. ಇದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. "ಬರಿ, ಯಾರಾದರೂ ಅಮ್ಮಂದಿರು ಓದಿಯಾರು" ಎಂದಳು. ಓಟಕ್ಕೆ ಬೇಕಾದಷ್ಟು ಊಟ ಒಳಗೆ ಹೋಗದಿದ್ದರೆ ದೇಹ ಖರ್ಚು ಕಡಿತಕ್ಕೆ ಇಳಿಯುತ್ತದೆ. ಮೊದಲು ನಿಲ್ಲುವವುಗಳಲ್ಲಿ ಮುಟ್ಟು ಒಂದು, ಆಮೇಲೆ ಎಲುಬಿನ ದುರಸ್ತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟು, ಇದು ಹುಡುಗರಿಗೂ ಬರುತ್ತದೆಂದು ಎಚ್ಚರಿಸಿತು. ದೊಡ್ಡ ಔಷಧವೇನೂ ಬೇಕಿಲ್ಲ. ಓಡುವ ಮುಂಚೆ ಒಂದು ಬಾಳೆಹಣ್ಣು, ಓಡಿ ಬಂದು ಅರ್ಧ ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ, ಜೊತೆಗೆ ಒಂದು ಲೋಟ ಹಾಲು ಅಥವಾ ರಾಗಿ ಅಂಬಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಇನ್ನು ರಕ್ತಹೀನತೆ. ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ಅದು ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಸ್ವಲ್ಪ ಓಡಿದರೂ ಸುಸ್ತು ಎನ್ನುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಎಲುಬು ಕಲ್ಲಲ್ಲ. ಹೊಸ ಹೊರೆ ಬಿದ್ದಾಗ ಅದು ತನ್ನನ್ನು ತಾನೇ ಕಿತ್ತು ಮತ್ತೆ ಕಟ್ಟಿಕೊಳ್ಳುತ್ತದೆ. ತೊಂದರೆಯೇನೆಂದರೆ ಕೀಳುವ ಜೀವಕೋಶಗಳು ಮೊದಲು ಬರುತ್ತವೆ, ಕಟ್ಟುವವು ಆಮೇಲೆ. ಕೀಳಲು ಕೆಲವು ವಾರ, ಕಟ್ಟಿ ಗಟ್ಟಿಯಾಗಲು ತಿಂಗಳುಗಳು. ಚರಂಡಿಗೆಂದು ರಸ್ತೆ ಅಗೆದು ಹೋದವರು ಡಾಂಬರು ಹಾಕಲು ಯಾವಾಗ ಬರುತ್ತಾರೆಂದು ನಿಮಗೆ ಗೊತ್ತಲ್ಲ, ಹಾಗೆ. ಆ ಮಧ್ಯಂತರದಲ್ಲಿ ಲಾರಿ ಓಡಿಸಿದರೆ ರಸ್ತೆ ಕುಸಿಯುತ್ತದೆ. ಹೃದಯ, ಶ್ವಾಸಕೋಶ ಹಾಗಲ್ಲ. ಮೂರು ನಾಲ್ಕು ವಾರದಲ್ಲೇ ಹುಡುಗರಿಗೆ ದಮ್ಮು ಬಂದುಬಿಡುತ್ತದೆ. ದಮ್ಮು "ಇನ್ನೂ ಓಡು" ಎನ್ನುತ್ತದೆ, ಎಲುಬು ಇನ್ನೂ ತಯಾರಾಗಿರುವುದಿಲ್ಲ. ಎಳೆಯರ ಗಾಯಗಳಲ್ಲಿ ಬಹಳಷ್ಟಕ್ಕೆ ಈ ಎರಡರ ನಡುವಿನ ಅಂತರವೇ ಕಾರಣ.

ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ದೂರ ಏರಿಸಬಾರದು ಎಂಬ ಒಂದು ಸೂತ್ರವನ್ನು ಓಟದ ಪುಸ್ತಕಗಳೆಲ್ಲ ಹೇಳುತ್ತಿದ್ದವು. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಹೊಸದಾಗಿ ಓಡುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಸೂತ್ರದಂತೆ 13 ವಾರ, ಇನ್ನೊಂದಕ್ಕೆ ಅವಸರದ 8 ವಾರ ತರಬೇತಿ ಕೊಟ್ಟು ನೋಡಿದರು. ಫಲಿತಾಂಶ ಬಂದದ್ದು 2008ರಲ್ಲಿ: ಎರಡೂ ಗುಂಪಿನಲ್ಲಿ ಐವರಲ್ಲಿ ಒಬ್ಬರಂತೆ ಗಾಯಗೊಂಡಿದ್ದರು. ಹಾಗಾದರೆ ಸೂತ್ರ ಸುಳ್ಳೆ? ಅದರ ಉತ್ತರಕ್ಕೆ ಹದಿನೇಳು ವರ್ಷ ಹಿಡಿಯಿತು. ಡೆನ್ಮಾರ್ಕಿನ ಸಂಶೋಧಕರ ನೇತೃತ್ವದಲ್ಲಿ ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು 18 ತಿಂಗಳ ಕಾಲ ಗಮನಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವಾರದ ಒಟ್ಟು ದೂರ ಏರಿದ್ದಕ್ಕೂ ಗಾಯಕ್ಕೂ ಅವರಿಗೆ ಸಂಬಂಧ ಕಾಣಲಿಲ್ಲ. ಕಂಡದ್ದು ಒಂದೇ ದಿನದ ಹಾರಿಕೆಯಲ್ಲಿ. ಹಿಂದಿನ 30 ದಿನಗಳಲ್ಲಿ ಒಮ್ಮೆಗೆ ಓಡಿದ ಅತಿ ದೂರಕ್ಕಿಂತ ಶೇಕಡಾ ಹತ್ತು ಮೀರಿ ಒಂದು ದಿನ ಓಡಿದರೂ ಅಪಾಯ ಏರುತ್ತಿತ್ತು. ಎರಡು ಪಟ್ಟು ಮೀರಿದವರಲ್ಲಿ ಅಪಾಯವೂ ಎರಡು ಪಟ್ಟು ಮೀರಿತ್ತು. ಐದರಿಂದ ಹತ್ತಕ್ಕೆ, ಒಂದು ಭಾನುವಾರ, ಸ್ಕೂಟರಿನ ಮುಂದೆ. ಅದನ್ನು ಓದಿದ ದಿನ ಪತ್ರಿಕೆ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆದ್ದರಿಂದ ತಂದೆತಾಯಿಯರು ನೆನಪಿಡಬೇಕಾದ ಲೆಕ್ಕ ಸುಲಭದ್ದು: ಈ ತಿಂಗಳಲ್ಲಿ ಒಮ್ಮೆಗೆ ಓಡಿದ ದೊಡ್ಡ ಓಟ ಎಷ್ಟು? ನಾಳೆಯದು ಅದಕ್ಕಿಂತ ಬಹಳ ದೊಡ್ಡದಾಗದಿರಲಿ. ಪರೀಕ್ಷೆಯೆಂದು ಒಂದೂವರೆ ತಿಂಗಳು ಬಿಟ್ಟವರು ಬಿಟ್ಟಲ್ಲಿಂದಲೇ ಶುರುಮಾಡುವಂತಿಲ್ಲ ಎಂಬುದೂ ಇದರೊಳಗೇ ಇದೆ.

ಎಲ್ಲ ನೋವಿಗೂ ಹೆದರಬೇಕಾಗಿಲ್ಲ. ಓಡಿದ ಮರುದಿನ ತೊಡೆ, ಮೀನಖಂಡಗಳಲ್ಲಿ ಎರಡೂ ಕಾಲಿಗೆ ಸಮನಾಗಿ ಬರುವ ಮೈಕೈ ನೋವು ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಮುಂಗಾಲಿನ ಎಲುಬಿನ ಒಳಮಗ್ಗುಲಿನ ಉದ್ದಕ್ಕೂ ಹರಡಿಕೊಂಡಂತಿರುವ ನೋವು ಹೊಸ ಓಟಗಾರರಲ್ಲಿ ಸಾಮಾನ್ಯ. ದೂರ ಕಡಿಮೆ ಮಾಡಿ, ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿದರೆ ಹೆಚ್ಚಿನವರಿಗೆ ತಗ್ಗುತ್ತದೆ. ಬೆರಳಿಟ್ಟು ತೋರಿಸಬಹುದಾದ ನೋವು, ಓಡಿದಂತೆಲ್ಲ ಏರುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು, ಕುಂಟಿಸುವ ನೋವು ಬೇರೆ ಜಾತಿಯವು. ಅಂದೇ ಓಟ ನಿಲ್ಲಬೇಕು, ವೈದ್ಯರಲ್ಲಿಗೆ ಹೋಗಬೇಕು. ಬೆಳೆಯುವ ವಯಸ್ಸಿನವರಿಗೆ ಇನ್ನೆರಡು ನೋವುಗಳಿವೆ: ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದು, ಹಿಮ್ಮಡಿಯ ಹಿಂಭಾಗ ನೋಯುವುದು. ಎರಡೂ ಎಲುಬು ಇನ್ನೂ ಬೆಳೆಯುತ್ತಿರುವ ಜಾಗವನ್ನು ಸ್ನಾಯು ಎಳೆದಾಗ ಬರುವಂಥವು. ಓಟ ಕಡಿಮೆ ಮಾಡಿದರೆ ಇಳಿಯುತ್ತವೆ, ಬೆಳವಣಿಗೆ ಮುಗಿದಂತೆ ಬಹುಮಟ್ಟಿಗೆ ಹೋಗಿಯೇಬಿಡುತ್ತವೆ. ಓಡುವಾಗ ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರು ಇದ್ದರೆ, ಹೃದಯ ತಪಾಸಣೆಯಾಗದೆ ಓಡಿಸಬೇಡಿ. ಜ್ವರವಿದ್ದ ದಿನವೂ ಬೇಡ. ಪಕ್ಕೆ ಹಿಡಿಯುವುದು ದೊಡ್ಡ ಸಂಗತಿಯಲ್ಲ. ಹೊಟ್ಟೆ ತುಂಬಿದ ಮೇಲೆ ಎರಡು ಗಂಟೆ ಬಿಟ್ಟು ಓಡಿದರೆ ಅದು ಅಪರೂಪವಾಗುತ್ತದೆ.

ಅಂತೂ ಶೂ ವಿಷಯಕ್ಕೆ ಬಂದೆವು. ಹುಡುಗ ಇಷ್ಟು ಹೊತ್ತು ಇದಕ್ಕೇ ಕಾಯುತ್ತಿರಬೇಕು. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಶೂ ಹಾಕಿಕೊಂಡೂ ಗೆದ್ದ. ನಮ್ಮ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೇ ಹೆಸರಾದವರು. 1978ರಲ್ಲಿ ಜಾಲಂಧರದಲ್ಲಿ 42.195 ಕಿ.ಮೀ.ಗಳನ್ನು ಅವರು 2 ಗಂಟೆ 12 ನಿಮಿಷದಲ್ಲಿ ಓಡಿ ಬರೆದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರಿಗೂ ಅಳಿಸಲಾಗಲಿಲ್ಲ. ಹಾಗೆಂದು ಮಗನನ್ನು ಬರಿಗಾಲಲ್ಲಿ ಡಾಂಬರಿನ ಮೇಲೆ ಕಳಿಸಬೇಡಿ. ಅವರ ಪಾದ ಬಾಲ್ಯದಿಂದ ಪಳಗಿದ್ದು. ಹನ್ನೆರಡು ಸಾವಿರವೂ ಬೇಡ. ಮೂರು ಸಾವಿರದ ಆಸುಪಾಸಿನಲ್ಲಿ ಓಟಕ್ಕೆಂದೇ ಮಾಡಿದ ಶೂ ಸಿಗುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ ಕೊಳ್ಳಲಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಕೈಹೆಬ್ಬೆರಳಿನ ಅಗಲ ಜಾಗ ಇರಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ ನೋಡಲಿ, ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ. ಬೆಳೆಯುವ ಹುಡುಗ, ಎರಡು ವರ್ಷ ಬರಲಿ ಎಂದು ಒಂದು ಸೈಜು ದೊಡ್ಡದು ಕೊಡಿಸುವ ನಮ್ಮ ಮಧ್ಯಮವರ್ಗದ ಜಾಣತನ ಮಾತ್ರ ಇಲ್ಲಿ ಬೇಡ. ಒಳಗೆ ಜಾರುವ ಪಾದಕ್ಕೆ ನೀರುಗುಳ್ಳೆ, ಕಪ್ಪು ಉಗುರು ಖಚಿತ. ಹೊರಗಿನ ಅಟ್ಟೆ ಸವೆಯುವ ಮೊದಲೇ ಒಳಗಿನ ಮೆತ್ತೆ ಸಾಯುತ್ತದೆ. 500ರಿಂದ 800 ಕಿ.ಮೀ. ಓಡಿದ ಮೇಲೆ ಆ ಜೋಡಿ ತರಕಾರಿ ತರಲು ಹೋಗಲಿ. ಒಳಗೆ ಕಾರ್ಬನ್ ತಗಡು ಕೂರಿಸಿದ, ಇಪ್ಪತ್ತು ಸಾವಿರ ದಾಟುವ ಶೂಗಳೂ ಬಂದಿವೆ. ಅವು ಸ್ಪರ್ಧೆಯ ದಿನಕ್ಕೆಂದು, ಪಳಗಿದ ಕಾಲಿಗೆಂದು ಮಾಡಿದವು.

ಅಂದ ಹಾಗೆ, ಏರಿನಲ್ಲಿ ಹಿಂದೆ ಬಿದ್ದ ಬೋವರ್‌ಮನ್ ತನ್ನ ಹಳೆಯ ಶಿಷ್ಯನ ಜೊತೆ 1964ರಲ್ಲಿ ಆರಂಭಿಸಿದ ಸಣ್ಣ ಶೂ ವ್ಯಾಪಾರವೇ ಮುಂದೆ ನೈಕಿ ಆಯಿತು. ಹಿಡಿತ ಕೊಡುವ ಅಟ್ಟೆಯ ಅಚ್ಚಿಗಾಗಿ 1970ರ ದಶಕದ ಆರಂಭದಲ್ಲಿ ಅವನು ಹೆಂಡತಿಯ ವಾಫಲ್ ಹೆಂಚಿನೊಳಕ್ಕೇ ರಬ್ಬರಿನಂಥ ದ್ರವ ಸುರಿದು ಅದನ್ನು ಕೆಡಿಸಿದ. ನಮ್ಮ ಮನೆಯ ದೋಸೆ ಹೆಂಚಿಗೆ ಹೀಗೆ ಮಾಡಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ಊಹಿಸಬಲ್ಲೆ.

ಕಾಲುಚೀಲ ಬರೀ ಹತ್ತಿಯದಾದರೆ ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ಗುಳ್ಳೆ ಏಳುತ್ತದೆ. ನೈಲಾನ್ ಬೆರೆತದ್ದು ವಾಸಿ. ಗುಳ್ಳೆಯ ಚರ್ಮ ಕಿತ್ತುಹಾಕಬೇಡಿ, ತೊಳೆದು ಮುಚ್ಚಿಡಿ. ತೊಡೆಸಂದಿ ತರಚುವ ಕಡೆ ಕೊಬ್ಬರಿ ಎಣ್ಣೆ ಸಾಕು. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟವನ್ನೇ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ನಿಧಾನಕ್ಕೆ ಹಿಂದೆ ಸರಿಯಬೇಕು. ಕಚ್ಚಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು, ಅಂದೇ ಲಸಿಕೆ.

ಇನ್ನು ಎಸ್ಸೆಸ್ಸೆಲ್ಸಿಯ ಅಪ್ಪ. ಅವರ ಆತಂಕ ನನಗೆ ಗೊತ್ತು. ನಾನೂ ಮಗಳ ಅಂಕಪಟ್ಟಿಯನ್ನು ಅಂಗೈಯಲ್ಲಿ ಹಿಡಿದು ಓಡಾಡಿದವನೇ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ಹುಡುಗ ಓಡುವುದು ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ. ಅವನ ಓದಿನಿಂದ ಕದಿಯುವ ಹೊತ್ತು ಅದಲ್ಲ. ಕದಿಯುವುದು ನಿದ್ದೆಯಿಂದ ಆದರೆ ಮಾತ್ರ ಚಿಂತೆ. ಐದಕ್ಕೆ ಏಳಬೇಕಾದರೆ ಒಂಬತ್ತೂವರೆಗೆ ಫೋನು ಆರಿಸಿ ಮಲಗಬೇಕು ಎಂಬ ಒಪ್ಪಂದ ಮಾಡಿಕೊಳ್ಳಿ. ಓದಿ ಓದಿ ತಲೆ ಕೆಟ್ಟಾಗ ಓಡಿ ಬಂದರೆ ಹಗುರಾಗುತ್ತದೆ ಎಂದು ನನ್ನ ಮಗಳು ಹೇಳುತ್ತಿದ್ದಳು. ಆ ಎಂಟು ವಾರ ಓಡದೆ ಮನೆಯಲ್ಲಿದ್ದಾಗ ಅವಳ ಮುಖ ನೋಡಿದ ನನಗೆ ಆ ಮಾತಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಅವಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಎಂಟು ವಾರದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಮತ್ತೆ ಶುರುಮಾಡಿದವಳು ಇನ್ನೂ ಬಿಟ್ಟಿಲ್ಲ. ಯಾವ ಪದಕವೂ ಬಂದಿಲ್ಲ. ಊರಿಗೆ ಬಂದಾಗ ಕೆರೆಗೆ ಒಟ್ಟಿಗೆ ಹೋಗುತ್ತೇವೆ. ಆ ಸ್ಕೂಟರು ಮಾರಿ ಬಹಳ ಕಾಲವಾಯಿತು. ಐವತ್ತು ದಾಟಿದ ಮೇಲೆ ನಾನೂ ಓಡಲು ಕಲಿತೆ. ಏರಿಯ ಮೇಲೆ ನನಗಿಂತ ಮುಂದೆ ಹೋದವಳು ತಿರುಗಿ ಬಂದು ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾಳೆ, ಆಫೀಸಿನ ಸುದ್ದಿ ಹೇಳುತ್ತಾಳೆ. ನಾನು ಬರೀ 'ಹ್ಞೂಂ' ಎಂದರೆ, "ಅಪ್ಪಾ, ಪೂರ್ತಿ ಮಾತಾಡು, ಇಲ್ಲಾಂದ್ರೆ ನಡಿ" ಎನ್ನುತ್ತಾಳೆ. ನಡೆಯುತ್ತೇನೆ.

ಪತ್ರದ ಅಂಚಿನಲ್ಲಿ ಆ ತಾಯಿ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಅವನ ಜೊತೆ ನಾನೂ ಹೋಗಬಹುದೆ? ನನಗೆ ನಲವತ್ತೆರಡು. ಸೀರೆ ಉಡುವವಳು." ಧಾರಾಳವಾಗಿ ಹೋಗಿ ತಾಯಿ. ನಮ್ಮ ಕೆರೆಯ ಏರಿಯ ಮೇಲೆ ಸೀರೆಗೆ ಕ್ಯಾನ್‌ವಾಸ್ ಶೂ ಹಾಕಿಕೊಂಡು ಬಿರುಸಾಗಿ ನಡೆಯುವ ಎಷ್ಟೋ ಮಂದಿ ಇದ್ದಾರೆ. ಬಿ.ಪಿ., ಸಕ್ಕರೆ ಒಮ್ಮೆ ನೋಡಿಸಿಕೊಳ್ಳಿ. ಮೊದಲ ತಿಂಗಳು ನೀವು ನಡೆಯಿರಿ, ಅವನು ಒಂದು ಸುತ್ತು ಓಡಿ ಬಂದು ನಿಮ್ಮ ಜೊತೆ ಒಂದು ಸುತ್ತು ನಡೆಯಲಿ. ಶೂ ಕೊಳ್ಳಲು ಹೋದಾಗ ನಿಮಗೂ ಒಂದು ಜೋಡಿ ತೆಗೆದುಕೊಳ್ಳಿ. ಹನ್ನೆರಡು ಸಾವಿರದಲ್ಲಿ ಇಬ್ಬರಿಗೂ ಆಗಿ ಮಿಗುತ್ತದೆ.